ವರ್ತನಚಿಕಿತ್ಸಕರಿಗೆ ದಯೆಯ ಶಿಕ್ಷಣ

೧

ದಯೆಯನ್ನು ಪಾಠಹೇಳಿ ಕಲಿಸಬಹುದೇ ಎಂಬ ಪ್ರಶ್ನೆ ಹಳೆಯದು. ಧರ್ಮಶಾಸ್ತ್ರಕಾರರು ಅದನ್ನು ಒಂದು ಬಗೆಯಿಂದಲೂ ಕವಿಗಳು ಮತ್ತೊಂದು ಬಗೆಯಿಂದಲೂ ವಿಚಾರಮಾಡಿರುವರು. ಆದರೆ ಈಚೆಗೆ ಅದನ್ನು ಕೈಗೆತ್ತಿಕೊಂಡಿರುವವರು ನಾವು ನಿರೀಕ್ಷಿಸದಿದ್ದ ಜನ. ಒಳಗಿನ ಭಾವವನ್ನು ನಡತೆಗೆ ಕಾರಣವೆಂದು ಒಪ್ಪದೆ, ಕಣ್ಣಿಗೆ ಕಾಣುವ ವರ್ತನೆಯನ್ನು ಅಳೆದು ತಿದ್ದುವುದೇ ತಮ್ಮ ಶಾಸ್ತ್ರದ ಕೆಲಸವೆಂದು ಬಹುಕಾಲದಿಂದ ಸಾಧಿಸಿಕೊಂಡು ಬಂದಿರುವ ಅಮೆರಿಕದ ವರ್ತನವಿಶ್ಲೇಷಕರು ತಮ್ಮ ಶಿಷ್ಯರಿಗೆ ದಯೆಯನ್ನು ಕಲಿಸಲು ಹೊರಟಿರುವರು. ದಯೆಯನ್ನು ಬಿಡಿಬಿಡಿಯಾದ ಕ್ರಿಯೆಗಳಾಗಿ ವಿಂಗಡಿಸಿ, ಒಂದೊಂದನ್ನೂ ಅಭ್ಯಾಸಮಾಡಿಸಿ, ಶಿಷ್ಯನು ಎಷ್ಟನ್ನು ಕಲಿತನೆಂದು ಎಣಿಸಿ ತೋರಿಸಿರುವರು.

ಇದು ವೈದ್ಯರ ವಿಷಯವಲ್ಲವೆ, ಸಾಹಿತ್ಯವನ್ನು ಓದುವವರ, ಓದಿಸುವವರ ಮುಂದೆ ಏಕೆ ಎಂದು ವಾಚಕರು ಕೇಳಬಹುದು. ಭಾವಕ್ಕೂ ಅದರ ಹೊರಗುರುತಿಗೂ ಸಂಬಂಧವೇನು, ಹೊರಗುರುತನ್ನು ಕಲಿಸಿದರೆ ಭಾವವು ಬರುವುದೇ, ಬಂದಿತೆಂದು ತೀರ್ಮಾನಿಸತಕ್ಕವರು ಯಾರು—ಈ ಮೂರು ಪ್ರಶ್ನೆಗಳೂ ನಮ್ಮ ಅಲಂಕಾರಶಾಸ್ತ್ರದಲ್ಲಿ ಸಾವಿರ ವರ್ಷಕ್ಕೂ ಮೇಲ್ಪಟ್ಟು ಚರ್ಚೆಗೆ ಒಳಗಾದವು. ಆ ಚರ್ಚೆಯ ಬೆಳಕಿನಲ್ಲಿ ಈ ಹೊಸ ಶಿಕ್ಷಣದ ಗುಣದೋಷಗಳನ್ನು ನೋಡುವುದು ಈ ಲೇಖನದ ಉದ್ದೇಶ. ಇದು ಬರಿಯ ಪಾಂಡಿತ್ಯದ ವಿಷಯವೂ ಅಲ್ಲ. ಮಾತು ಬಾರದ ಮಗುವೊಂದು ವಾರಕ್ಕೆ ಹಲವು ಗಂಟೆಗಳ ಕಾಲ ಅಪರಿಚಿತನೊಬ್ಬನ ವಶದಲ್ಲಿರುತ್ತದೆ. ಅವನ ದಯೆ ನಿಜವಾದುದೋ ಅಲ್ಲವೋ ಎಂಬುದರ ಮೇಲೆ ಆ ಮಗುವಿನ ಸುಖದುಃಖಗಳು ನಿಂತಿವೆ.

೨

ಮೊದಲು ಈ ಶಾಸ್ತ್ರದ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಬೇಕು. ಬಿ. ಎಫ್. ಸ್ಕಿನ್ನರ್ ಅವರು ಜೀವಿಗಳ ವರ್ತನೆಯನ್ನು ಕುರಿತ ತಮ್ಮ ಮುಖ್ಯಗ್ರಂಥವನ್ನು ಪ್ರಕಟಿಸಿದುದು ೧೯೩೮ರಲ್ಲಿ. ಒಂದು ಕ್ರಿಯೆಯ ಫಲವು ಆ ಕ್ರಿಯೆ ಮತ್ತೆ ನಡೆಯುವ ಸಂಭವವನ್ನು ಹೆಚ್ಚಿಸುವುದು ಇಲ್ಲವೆ ತಗ್ಗಿಸುವುದು ಎಂಬುದೇ ಅದರ ಮೂಲತತ್ತ್ವ. ಈ ತತ್ತ್ವವನ್ನು ಪ್ರಯೋಗಶಾಲೆಯಿಂದ ಹೊರಗೆ ತಂದು ಶಾಲೆ, ಮನೆ, ಆಸ್ಪತ್ರೆಗಳಲ್ಲಿ ಬಳಸುವ ‘ಅನ್ವಯಿಕ ವರ್ತನವಿಶ್ಲೇಷಣೆ’ಗೆ ೧೯೬೮ರಲ್ಲಿ ಒಂದು ಪತ್ರಿಕೆ ಹುಟ್ಟಿತು. ಅದರ ಮೊದಲನೆಯ ಸಂಪುಟದಲ್ಲಿಯೇ ಡೊನಾಲ್ಡ್ ಬೇರ್, ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಎಂಬ ಮೂವರು ವಿದ್ವಾಂಸರು ಈ ವಿದ್ಯೆಗೆ ಏಳು ಲಕ್ಷಣಗಳನ್ನು ಹೇಳಿದರು. ಚಿಕಿತ್ಸೆಯ ಕ್ರಮವನ್ನು, ಶಿಕ್ಷಿತನಾದ ಮತ್ತೊಬ್ಬನು ಓದಿ ಅದರಂತೆಯೇ ಮಾಡಲು ಆಗುವಷ್ಟು ಸ್ಪಷ್ಟವಾಗಿ ಬರೆದಿಡಬೇಕೆಂಬುದು ಅವುಗಳಲ್ಲಿ ಒಂದು. ದಯೆಯನ್ನು ಕಲಿಸಲು ಹೊರಟ ಇಂದಿನವರ ಬಲವೂ ದೌರ್ಬಲ್ಯವೂ ಈ ಒಂದು ಲಕ್ಷಣದಲ್ಲಿಯೇ ಇರುವುದರಿಂದ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ವಿದ್ಯೆಗೆ ಹೆಚ್ಚಿನ ಪ್ರಸಿದ್ಧಿಯನ್ನು ತಂದುಕೊಟ್ಟುದು ಆಟಿಸಂ ಎಂಬ ಸ್ಥಿತಿಯುಳ್ಳ ಮಕ್ಕಳ ಶಿಕ್ಷಣ. ಕ್ಯಾಲಿಫೋರ್ನಿಯದ ಈವಾರ್ ಲೋವಾಸ್ ಅವರು ೧೯೮೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವಾರಕ್ಕೆ ೪೦ ಗಂಟೆಗಳ ಶಿಕ್ಷಣ ಪಡೆದ ೧೯ ಮಕ್ಕಳಲ್ಲಿ ೯ ಮಂದಿ ಬುದ್ಧಿಯಲ್ಲಿಯೂ ಓದಿನಲ್ಲಿಯೂ ಇತರ ಮಕ್ಕಳ ಮಟ್ಟವನ್ನು ಮುಟ್ಟಿದರೆಂದು ಹೇಳಿದರು. ಮಕ್ಕಳನ್ನು ಗುಂಪುಗಳಿಗೆ ಹಂಚಿದ ರೀತಿ ಸರಿಯಲ್ಲವೆಂಬ ಆಕ್ಷೇಪ ಈ ಪ್ರಬಂಧದ ಮೇಲೆ ಬಂದಿತು. ನಮಗೆ ಇಲ್ಲಿ ಮುಖ್ಯವಾದುದು ಮತ್ತೊಂದು ಸಂಗತಿ. ಗಟ್ಟಿಯಾಗಿ ‘ಬೇಡ’ ಎಂದು ಗದರುವುದೂ ಕೆಲವೊಮ್ಮೆ ತೊಡೆಯ ಮೇಲೆ ಪೆಟ್ಟುಕೊಡುವುದೂ ಆ ಶಿಕ್ಷಣದ ಕ್ರಮದಲ್ಲಿ ಸೇರಿದ್ದುವು. ಪ್ರಬಂಧದಲ್ಲಿಯೇ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದೆ. ಫಲವನ್ನು ಅಳೆಯುವ ಗಣಿತವಿದ್ದಿತು. ಫಲಕ್ಕಾಗಿ ಮಗು ತೆತ್ತ ಬೆಲೆಯನ್ನು ಅಳೆಯುವ ಗಣಿತವಿರಲಿಲ್ಲ. ಹೊಡೆತವನ್ನು ಈ ವಿದ್ಯೆಯವರಲ್ಲಿ ಬಹುಮಂದಿ ಅನಂತರ ಕೈಬಿಟ್ಟರು. ಆದರೂ ಚಿಕಿತ್ಸಕರು ಒರಟರು, ಲೆಕ್ಕದ ಹಾಳೆಯನ್ನು ನೋಡುವರೇ ಹೊರತು ಮನುಷ್ಯರ ಮುಖವನ್ನು ನೋಡುವುದಿಲ್ಲ ಎಂಬ ಅಪವಾದ ಉಳಿದುಕೊಂಡಿತು.

೩

ಈ ಅಪವಾದಕ್ಕೆ ಆ ಶಾಸ್ತ್ರದವರೇ ಕಿವಿಗೊಟ್ಟುದು ಶ್ಲಾಘ್ಯವಾದ ಸಂಗತಿ. ಬ್ರಿಜೆಟ್ ಟೇಲರ್, ಲಿಂಡಾ ಲೆಬ್ಲಾಂಕ್, ಮೆಲಿಸಾ ನೋಸಿಕ್ ಎಂಬ ಮೂವರು ೧೯೧೯ರಲ್ಲಲ್ಲ, ಶಾಸ್ತ್ರಕ್ಕೆ ಅರ್ಧ ಶತಮಾನ ತುಂಬಿದ ಮೇಲೆ ೨೦೧೯ರಲ್ಲಿ, ಮಗುವಿನ ತಂದೆತಾಯಿಗಳೊಡನೆ ಚಿಕಿತ್ಸಕನಿಗಿರುವ ಸಂಬಂಧವನ್ನು ಸರಿಪಡಿಸಿದರೆ ಚಿಕಿತ್ಸೆಯ ಫಲವೂ ಹೆಚ್ಚಬಹುದೇ ಎಂದು ಪ್ರಶ್ನಿಸಿ ಒಂದು ಪ್ರಬಂಧವನ್ನು ಬರೆದರು. ತಂದೆತಾಯಿಗಳನ್ನು ವಿಚಾರಿಸಿದಾಗ ಚಿಕಿತ್ಸಕರ ನಡತೆಯಲ್ಲಿ ಕೊರತೆಗಳು ಕಂಡುಬಂದುವು. ಮುಂದೆ ೨೦೨೦ರಲ್ಲಿ ಲೆಬ್ಲಾಂಕ್, ಟೇಲರ್ ಮತ್ತು ಇನ್ನೊಬ್ಬರು ಚಿಕಿತ್ಸಕರನ್ನೇ ಕೇಳಿದಾಗ, ಇಂತಹ ಸಂಬಂಧವನ್ನು ಬೆಳಸುವ ವಿಷಯದಲ್ಲಿ ತಮಗೆ ಯಾರೂ ಪ್ರತ್ಯೇಕವಾಗಿ ಪಾಠಹೇಳಲಿಲ್ಲವೆಂದು ಬಹುಮಂದಿ ಒಪ್ಪಿಕೊಂಡರು. ವರ್ತನವಿಶ್ಲೇಷಕರಿಗೆ ಅರ್ಹತಾಪತ್ರವನ್ನು ಕೊಡಲು ೧೯೯೮ರಲ್ಲಿ ಸ್ಥಾಪಿತವಾದ ಅಮೆರಿಕದ ಮಂಡಲಿಯು ೨೦೨೨ರ ಜನವರಿಯಿಂದ ಜಾರಿಗೆ ತಂದ ನೀತಿಸಂಹಿತೆಯಲ್ಲಿ, ಇತರರನ್ನು ದಯೆ, ಘನತೆ, ಗೌರವಗಳಿಂದ ಕಾಣುವುದನ್ನು ನಾಲ್ಕು ಮೂಲತತ್ತ್ವಗಳಲ್ಲಿ ಒಂದಾಗಿ ಸೇರಿಸಿತು.

ಟೇಲರ್ ಮೊದಲಾದವರು ಮೂರು ಮಾತುಗಳಿಗೆ ಇರುವ ಭೇದವನ್ನು ಎತ್ತಿ ತೋರಿಸುವರು. ಅದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ಪರರ ನೋವನ್ನು ಹೊರಗಿನಿಂದ ಕಂಡು ಅಯ್ಯೋ ಎನ್ನುವುದು ಮರುಕ; ಅವರ ಸ್ಥಾನದಲ್ಲಿ ನಿಂತು ಆ ನೋವನ್ನು ತಿಳಿಯುವುದು, ಅವರೊಡನೆ ತಾನೂ ಕಂಪಿಸುವುದು, ಅನುಕಂಪ; ಆ ತಿಳಿವು ನೋವನ್ನು ಕಳೆಯುವ ಕೆಲಸವಾಗಿ ಪರಿಣಮಿಸುವುದು ದಯೆ. ಮೂರನೆಯದನ್ನೇ ಅವರು ಚಿಕಿತ್ಸಕರಲ್ಲಿ ಬಯಸುವುದು.

ಕಲಿಸುವ ಪ್ರಯತ್ನಗಳಲ್ಲಿ ಗಮನಿಸತಕ್ಕುದು ಜೆಸಿಕಾ ರೋರರ್ ಮತ್ತು ಮೇರಿ ಜೇನ್ ವೈಸ್ ಅವರದು. ೨೦೨೨ರಲ್ಲಿ ಹೊರಬಂದ ಅವರ ಪ್ರಬಂಧವು ತನ್ನನ್ನು ‘ಪ್ರಾರಂಭಿಕ ಪರಿಶೀಲನೆ’ ಎಂದೇ ಕರೆದುಕೊಳ್ಳುವುದು. ಆಟಿಸಂ ಇರುವ ಮಕ್ಕಳ ತಂದೆತಾಯಿಗಳೊಡನೆ ವ್ಯವಹರಿಸಲು ಬೇಕಾದ ನಡತೆಗಳನ್ನು ಅವರು ಮೂರು ಗುಂಪುಗಳಾಗಿ ಮಾಡಿದರು: ಚೆನ್ನಾಗಿ ಕೇಳಿ ಮಾತನಾಡಿಸುವ ಸಾಮಾನ್ಯ ಕೌಶಲ, ಸಂಸಾರದ ವಿಷಯದಲ್ಲಿ ಆಸಕ್ತಿ, ಸಂಸಾರದೊಡನೆ ಒಂದಾಗಿ ಕೆಲಸಮಾಡುವುದು. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳಿಗೆ ಇವನ್ನು ನಾಲ್ಕು ಮೆಟ್ಟಿಲುಗಳ ಕ್ರಮದಿಂದ ಕಲಿಸಿದರು. ಮಾಡಬೇಕಾದುದನ್ನು ಹೇಳುವುದು ಮೊದಲನೆಯದು. ಮಾಡಿ ತೋರಿಸುವುದು ಎರಡನೆಯದು. ಶಿಷ್ಯನಿಂದ ಮಾಡಿಸುವುದು ಮೂರನೆಯದು. ಒಪ್ಪುತಪ್ಪುಗಳನ್ನು ತಿಳಿಸಿ ತಿದ್ದುವುದು ನಾಲ್ಕನೆಯದು. ಅಭ್ಯಾಸವು ಪಾತ್ರಾಭಿನಯದ ರೂಪದಲ್ಲಿ ನಡೆಯಿತು. ಶಿಕ್ಷಣದಿಂದ ವಿದ್ಯಾರ್ಥಿಗಳ ನಡತೆ ಗಣನೀಯವಾಗಿ ಉತ್ತಮವಾಯಿತು.

ಈ ಶಿಕ್ಷಣದ ಸ್ವರೂಪವನ್ನು ತಿಳಿಯಲು ನಾವೇ ಕಲ್ಪಿಸಿಕೊಂಡ ಒಂದು ಸಂದರ್ಭವನ್ನು ನೋಡೋಣ. ತಾಯಿಯೊಬ್ಬಳು ಬಂದು, “ಮೂರು ವರ್ಷದಿಂದ ನಾನು ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿಲ್ಲ” ಎನ್ನುವಳು. ಹಳೆಯ ಕ್ರಮದ ಶಿಷ್ಯನು ಲೇಖನಿಯನ್ನು ಹಿಡಿದು, “ಮಗು ರಾತ್ರಿ ಎಷ್ಟು ಸಲ ಏಳುವುದು? ಬರೆದಿಟ್ಟಿದ್ದೀರಾ?” ಎಂದು ಕೇಳುವನು. ಹೊಸ ಕ್ರಮದಲ್ಲಿ ಕಲಿತವನು ಬರೆಯುವುದನ್ನು ನಿಲ್ಲಿಸಿ, ಒಂದು ಕ್ಷಣ ಸುಮ್ಮನಿದ್ದು, “ಮೂರು ವರ್ಷ ನಿದ್ದೆಗೆಟ್ಟು ಹಗಲೆಲ್ಲ ದುಡಿಯುವುದು ಸಣ್ಣ ಕಷ್ಟವಲ್ಲ. ರಾತ್ರಿ ನಿಮಗೆ ಒತ್ತಾಸೆಯಾಗಿ ಮನೆಯಲ್ಲಿ ಯಾರಾದರೂ ಇದ್ದಾರೆಯೆ?” ಎಂದು ಕೇಳಿ, ಆಮೇಲೆ ಲೆಕ್ಕಕ್ಕೆ ಬರುವನು. ಎರಡನೆಯವನು ಕೇಳಿದ ಪ್ರಶ್ನೆಯಿಂದ ಚಿಕಿತ್ಸೆಗೂ ಪ್ರಯೋಜನವುಂಟು. ಒತ್ತಾಸೆಯಿಲ್ಲದ ತಾಯಿಗೆ ರಾತ್ರಿಯೆಲ್ಲ ಮಾಡಬೇಕಾದ ಕ್ರಮವನ್ನು ವಿಧಿಸಿದರೆ ಅದು ನಡೆಯಲಾರದಷ್ಟೆ.

೪

ಇದಕ್ಕೆ ಮೊದಲು ಬರುವ ಆಕ್ಷೇಪವಿದು: ದಯೆಯು ಹೃದಯದ ಧರ್ಮ, ಅದನ್ನು ಪಟ್ಟಿಮಾಡಿ ಕಲಿಸಿದರೆ ಸಿಕ್ಕುವುದು ದಯೆಯ ವೇಷವೇ ಹೊರತು ದಯೆಯಲ್ಲ. ಈ ಆಕ್ಷೇಪವು ಕೇಳುವುದಕ್ಕೆ ಉದಾತ್ತವಾಗಿದ್ದರೂ ವಿಚಾರಕ್ಕೆ ನಿಲ್ಲುವುದಿಲ್ಲ. ಭರತನು ನಾಟ್ಯಶಾಸ್ತ್ರದಲ್ಲಿ ಭಾವಗಳನ್ನು ಹೇಳಿ ಬಿಡಲಿಲ್ಲ. ಒಂದೊಂದಕ್ಕೂ ವಿಭಾವಗಳಾವುವು, ಅನುಭಾವಗಳಾವುವು ಎಂದು ವಿವರಿಸಿದನು. ಅನುಭಾವವೆಂದರೆ ಭಾವದ ಹೊರಗುರುತು. ಕಣ್ಣು, ಹುಬ್ಬು, ಕೈ, ದನಿ ಇವುಗಳ ಒಂದೊಂದು ಚಲನೆಯೂ ಅಲ್ಲಿ ಶಿಕ್ಷಣಕ್ಕೆ ವಿಷಯ. ಹೇಳಿ, ಮಾಡಿ ತೋರಿಸಿ, ಮಾಡಿಸಿ, ತಿದ್ದುವ ನಾಲ್ಕು ಮೆಟ್ಟಿಲುಗಳು ನಮ್ಮ ನಟುವರಿಗೂ ಸಂಗೀತದ ಗುರುಗಳಿಗೂ ಹೊಸವಲ್ಲ. ಹೀಗೆ ಕಲಿತವರೆಲ್ಲರೂ ಜೀವವಿಲ್ಲದ ಬೊಂಬೆಗಳಾದರೆಂದು ಯಾರೂ ಹೇಳುವುದಿಲ್ಲ. ಕಲಿಯದವನ ಹೃದಯದಲ್ಲಿ ಎಷ್ಟು ಭಾವವಿದ್ದರೇನು, ಅದು ಹೊರಗೆ ಬರುವ ದಾರಿಯನ್ನು ಕಾಣದೆ ಒಳಗೇ ಉಳಿಯುವುದು. ತಾಯಿಯ ಮಾತನ್ನು ಕೇಳಿ ಮನಸ್ಸಿನಲ್ಲಿ ಮರುಗುತ್ತಲೇ ಲೆಕ್ಕದ ಹಾಳೆಯನ್ನು ಮುಂದಕ್ಕೆ ತಳ್ಳುವ ತರುಣನು ನಿರ್ದಯನಲ್ಲ, ಅಶಿಕ್ಷಿತ.

ಮತ್ತೊಂದು ಕಡೆಯಿಂದಲೂ ಇದಕ್ಕೆ ಸಮರ್ಥನೆಯುಂಟು. ಚಿಕಿತ್ಸಕನಲ್ಲಿ ನಿಷ್ಕಪಟತೆ, ಷರತ್ತಿಲ್ಲದ ಆದರ, ಅನುಕಂಪ ಇವಿದ್ದರೆ ರೋಗಿಯಲ್ಲಿ ಮಾರ್ಪಾಡು ತಾನಾಗಿ ಬರುವುದೆಂದು ಕಾರ್ಲ್ ರಾಜರ್ಸ್ ಅವರು ೧೯೫೭ರಲ್ಲಿ ಪ್ರತಿಪಾದಿಸಿದ್ದರು. ಚಾರ್ಲ್ಸ್ ಟ್ರೂಆಕ್ಸ್ ಅವರು ೧೯೬೬ರಲ್ಲಿ ರಾಜರ್ಸ್ ಅವರದೇ ಚಿಕಿತ್ಸೆಯ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಆ ಆದರವೂ ಅನುಕಂಪವೂ ಎಲ್ಲ ಮಾತುಗಳಿಗೂ ಸಮನಾಗಿ ದೊರೆಯುತ್ತಿರಲಿಲ್ಲವೆಂದು ತೋರಿಸಿದರು. ರೋಗಿಯ ಕೆಲವು ಬಗೆಯ ಮಾತುಗಳಿಗೆ ಹೆಚ್ಚಿನ ಬೆಚ್ಚನೆಯ ಉತ್ತರ ಬರುತ್ತಿತ್ತು. ಅಂತಹ ಮಾತುಗಳು ಕ್ರಮೇಣ ಹೆಚ್ಚಿದುವು. ಎಂದರೆ ಅನುಕಂಪವೂ ಸಮಯವನ್ನು ನೋಡಿ ಮಾಡುವ, ಫಲವನ್ನು ಉಂಟುಮಾಡುವ ಒಂದು ಕ್ರಿಯೆ. ಕ್ರಿಯೆಯಾದುದರಿಂದ ಅದನ್ನು ಪರೀಕ್ಷಿಸಲೂ ಬಹುದು, ಕಲಿಸಲೂ ಬಹುದು.

ನಮ್ಮ ಆಲಂಕಾರಿಕರು ದಯೆಗೆ ಕೊಟ್ಟಿರುವ ಸ್ಥಾನವನ್ನು ಇಲ್ಲಿ ಸ್ಮರಿಸಬೇಕು. ಕರುಣ ಎಂಬ ಹೆಸರಿನಿಂದ ಮೋಸಹೋಗಿ ದಯೆಯನ್ನು ಕರುಣರಸದಲ್ಲಿ ಸೇರಿಸುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಕರುಣರಸಕ್ಕೆ ಸ್ಥಾಯಿಭಾವ ಶೋಕ. ದಯೆಯಾದರೋ ವೀರರಸದ ಒಂದು ಪ್ರಭೇದಕ್ಕೆ ಹೆಸರನ್ನು ಕೊಟ್ಟಿದೆ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವೀರವನ್ನು ದಾನ, ಧರ್ಮ, ಯುದ್ಧ, ದಯೆ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿ, ದಯಾವೀರನಿಗೆ ಜೀಮೂತವಾಹನನನ್ನು ಉದಾಹರಿಸುವನು. ನಾಗಾನಂದ ನಾಟಕದ ಆ ನಾಯಕನು ಗರುಡನಿಗೆ ಆಹಾರವಾಗಲಿದ್ದ ನಾಗನನ್ನೂ ಅವನ ತಾಯಿಯನ್ನೂ ಕಂಡು ಕಣ್ಣೀರುಗರೆದು ಕುಳಿತುಕೊಳ್ಳಲಿಲ್ಲ, ತಾನೇ ವಧ್ಯಶಿಲೆಯನ್ನೇರಿದನು. ವೀರಕ್ಕೆ ಸ್ಥಾಯಿ ಉತ್ಸಾಹ. ಆದುದರಿಂದ ದಯೆಯು ಶೋಕದ ಸಂತತಿಯಲ್ಲ, ಉತ್ಸಾಹದ ಸಂತತಿ. ಅನುಕಂಪವು ಕೆಲಸವಾಗಿ ಪರಿಣಮಿಸುವುದೇ ದಯೆಯೆಂದು ಅಮೆರಿಕದವರು ಈಗ ಹೇಳುವುದು ಈ ವಿಭಾಗದೊಡನೆ ಚೆನ್ನಾಗಿ ಹೊಂದಿಕೊಳ್ಳುವುದು. ಲಕ್ಷಣವನ್ನು ಅವರು ಸರಿಯಾಗಿ ಹೇಳಿದ್ದಾರೆ. ಆ ಲಕ್ಷಣಕ್ಕೆ ತಕ್ಕಂತೆ ಶಿಕ್ಷಣವನ್ನು ಕೊನೆಯವರೆಗೆ ನಡಸಿದ್ದಾರೆಯೆ ಎಂಬುದು ಈಗ ವಿಚಾರಮಾಡತಕ್ಕ ವಿಷಯ.

೫

ನಮಗೆ ತೋರುವ ಮೊದಲನೆಯ ಕೊರತೆ ಔಚಿತ್ಯಕ್ಕೆ ಸಂಬಂಧಪಟ್ಟುದು. ಪಟ್ಟಿಯು ಕ್ರಿಯೆಯನ್ನು ಹೇಳುವುದು, ಸಮಯವನ್ನು ಹೇಳಲಾರದು. “ನಿಮ್ಮ ಕಷ್ಟ ನನಗೆ ತಿಳಿಯುತ್ತದೆ” ಎಂಬ ಮಾತು ಒಬ್ಬ ತಾಯಿಗೆ ಸಮಾಧಾನ, ಮತ್ತೊಬ್ಬಳಿಗೆ ಅಪಮಾನ; ಒಬ್ಬಳಿಗೇ ಬೆಳಗ್ಗೆ ಸಮಾಧಾನವಾದುದು ಸಂಜೆ ಅಪಮಾನವಾಗಬಹುದು. ಸುಮ್ಮನಿರುವುದು ಒಮ್ಮೆ ಆದರ, ಒಮ್ಮೆ ಅಲಕ್ಷ್ಯ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದು, ಅಲಂಕಾರವಾಗಲಿ ಗುಣವಾಗಲಿ ತನ್ನ ಸ್ಥಾನದಲ್ಲಿದ್ದರೆ ಮಾತ್ರ ಅಲಂಕಾರ, ಗುಣ ಎಂದು ವಾದಿಸಿದನು. ದಯೆಯ ಕೌಶಲಗಳಿಗೂ ಇದೇ ಮಾತು ಸಲ್ಲುವುದು. ಎಷ್ಟು ಕೌಶಲಗಳನ್ನು ಶಿಷ್ಯನು ಪ್ರಯೋಗಿಸಿದನೆಂದು ಎಣಿಸುವುದಕ್ಕಿಂತ, ಯಾವುದನ್ನು ಏಕೆ ಪ್ರಯೋಗಿಸದೆ ಬಿಟ್ಟನೆಂದು ಕೇಳುವುದು ಕೆಲವು ವೇಳೆ ಉತ್ತಮವಾದ ಪರೀಕ್ಷೆ.

ಎರಡನೆಯದು ಇನ್ನೂ ಮುಖ್ಯವಾದುದು: ತೀರ್ಪುಗಾರನು ಯಾರು? ರಸವು ಇರುವುದು ನಟನಲ್ಲಲ್ಲ, ಸಹೃದಯನಲ್ಲಿ ಎಂಬುದು ಅಭಿನವಗುಪ್ತನ ಸಿದ್ಧಾಂತ. ನಟನನ್ನು ‘ಪಾತ್ರ’ವೆಂದು ಕರೆಯುವುದು ಇದಕ್ಕಾಗಿಯೇ, ಪಾನಪಾತ್ರೆಗೆ ಪಾನದ ರುಚಿ ತಿಳಿಯದಷ್ಟೆ, ಎಂದು ಅವನು ಚಮತ್ಕಾರವಾಗಿ ಹೇಳಿರುವನು. ಹಾಗೆಯೇ ದಯೆಯು ದಯೆಯಾಯಿತೇ ಎಂಬುದನ್ನು ಚಿಕಿತ್ಸಕನು ಹೇಳಲಾರನು, ಅವನ ಗುರುವೂ ಹೇಳಲಾರನು. ಅದನ್ನು ಪಡೆದವರು ಹೇಳಬೇಕು. ಈ ಹೋಲಿಕೆಗೆ ಒಂದು ಮಿತಿಯುಂಟೆಂಬುದನ್ನು ಮರೆಯತಕ್ಕುದಲ್ಲ. ಪ್ರೇಕ್ಷಕನು ನಾಟಕ ಮುಗಿದ ಮೇಲೆ ಮನೆಗೆ ಹೋಗುವನು. ತಾಯಿಗೆ ಮನೆಯೇ ರಂಗ. ಅವಳ ತೀರ್ಪು ಒಂದು ಸಂಜೆಯ ರುಚಿಯ ಮಾತಲ್ಲ, ವರ್ಷಗಳ ಬಾಳಿನ ಮಾತು. ಮಿತಿಯಿಂದ ವಾದವು ಬಲಗೊಳ್ಳುವುದೇ ಹೊರತು ಕುಂದುವುದಿಲ್ಲ.

ಆಶ್ಚರ್ಯವೇನೆಂದರೆ, ಈ ಸತ್ಯವನ್ನು ವರ್ತನವಿಶ್ಲೇಷಕರು ತಮ್ಮ ಹಳೆಯ ಪುಟಗಳಲ್ಲಿಯೇ ಕಂಡುಕೊಂಡಿದ್ದರು. ಮೇಲೆ ಹೇಳಿದ ವುಲ್ಫ್ ಅವರು ೧೯೭೮ರಲ್ಲಿ ‘ಸಾಮಾಜಿಕ ಯುಕ್ತತೆ’ಯನ್ನು ಕುರಿತು ಒಂದು ಪ್ರಬಂಧವನ್ನು ಬರೆದು, ಚಿಕಿತ್ಸೆಯ ಗುರಿ, ಕ್ರಮ, ಫಲ ಈ ಮೂರನ್ನೂ ಅದಕ್ಕೆ ಒಳಗಾದವರು ಒಪ್ಪುವರೇ ಎಂದು ಅವರನ್ನೇ ಕೇಳಬೇಕೆಂದರು; ತಮ್ಮ ಶಾಸ್ತ್ರವು ತನ್ನ ಹೃದಯವನ್ನು ಕಂಡುಕೊಳ್ಳುತ್ತಿದೆ ಎಂಬರ್ಥದ ಮಾತನ್ನು ಶೀರ್ಷಿಕೆಯಲ್ಲಿಯೇ ಇಟ್ಟರು. ಅದಕ್ಕೆ ಹಿಂದಿನ ವರ್ಷ, ೧೯೭೭ರಲ್ಲಿ, ಅವರೂ ಅವರ ಸಹಚರರೂ ಪ್ರಕಟಿಸಿದ ಕೆಲಸವೊಂದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಕಾನ್ಸಸ್ ಪ್ರಾಂತದ ಲಾರೆನ್ಸ್ ಊರಿನಲ್ಲಿ ೧೯೬೭ರಲ್ಲಿ ಪ್ರಾರಂಭವಾದ ‘ಅಚೀವ್‌ಮೆಂಟ್ ಪ್ಲೇಸ್’ ಎಂಬ ಮನೆಯ ಮಾದರಿಯಲ್ಲಿ, ತಪ್ಪುಹಾದಿ ಹಿಡಿದ ಬಾಲಕರನ್ನು ದಂಪತಿಗಳು ‘ಶಿಕ್ಷಕ ತಂದೆತಾಯಿ’ಗಳಾಗಿ ಸಾಕುತ್ತಿದ್ದರು. ಇಂತಹವರ ಯಾವ ನಡತೆ ನಿಮಗೆ ಹಿಡಿಸುವುದು, ಯಾವುದು ಹಿಡಿಸದು ಎಂದು ಬಾಲಕರನ್ನೇ ಕೇಳಲಾಯಿತು. ಶಾಂತವಾದ ದನಿ, ಸಹಾಯಕ್ಕೆ ಬರುವುದು, ತಮಾಷೆಯ ಮಾತು, ಪಕ್ಷಪಾತವಿಲ್ಲದಿರುವುದು, ಏಕೆ ಹೀಗೆ ಮಾಡಬೇಕೆಂದು ಕಾರಣ ಹೇಳುವುದು—ಇವು ಅವರು ಮೆಚ್ಚಿದುವು. ಅವನ್ನೇ ಹೊಸ ಅಭ್ಯಾಸಿಗಳಿಗೆ ಕಲಿಸಿ, ಕಲಿತುದನ್ನು ಮತ್ತೆ ಬಾಲಕರ ಮುಂದಿಟ್ಟು ಅವರ ಮೆಚ್ಚಿಕೆಯಿಂದಲೇ ಅಳೆದರು. ಪಟ್ಟಿಯೂ ಬಾಲಕರದು, ತೀರ್ಪೂ ಬಾಲಕರದು. ಚಿಕಿತ್ಸೆಗೆ ಒಳಗಾದವರನ್ನೇ ಸಹೃದಯರ ಪೀಠದಲ್ಲಿ ಕುಳ್ಳಿರಿಸಿದ ಈ ಕ್ರಮವು ಎಷ್ಟು ನೇರವಾದುದು!

೬

ಇದನ್ನು ೨೦೨೨ರ ಪ್ರಯತ್ನದೊಡನೆ ಹೋಲಿಸಿದರೆ ಒಂದು ವ್ಯತ್ಯಾಸವು ಎದ್ದು ಕಾಣುವುದು. ಅಲ್ಲಿ ದಯೆಗೆ ಪಾತ್ರರಾದವರು ಚಿಕಿತ್ಸೆಗೆ ಒಳಗಾದ ಬಾಲಕರು; ಇಲ್ಲಿ ದಯೆಗೆ ಪಾತ್ರರಾದವರು ಚಿಕಿತ್ಸೆಗೆ ಒಳಗಾದ ಮಗುವಿನ ತಂದೆತಾಯಿಗಳು. ಮಗುವು ಮಾತಿನಲ್ಲಿ ಬರುವುದು, ಮುಂದೆ ಬರುವುದಿಲ್ಲ. ತಂದೆತಾಯಿಗಳನ್ನು ಆದರಿಸುವುದು ಬೇಡವೆಂದು ಯಾರೂ ಹೇಳಲಾರರು. ಅವರಿಲ್ಲದೆ ಚಿಕಿತ್ಸೆಯೂ ಸಾಗದು. ಪ್ರಾರಂಭದ ಪ್ರಯತ್ನಕ್ಕೆ ಒಂದು ಎಲ್ಲೆ ಇರಲೇಬೇಕೆಂಬುದೂ ನಿಜ. ಆದರೆ ದಯೆಯ ಶಿಕ್ಷಣವೆಂಬ ದೊಡ್ಡ ಹೆಸರನ್ನು ಹೊತ್ತ ಪಾಠಕ್ರಮವು ಈ ಎಲ್ಲೆಯಲ್ಲಿಯೇ ನಿಂತುಬಿಟ್ಟರೆ, ಹಣಕೊಡುವ, ದೂರುಹೇಳಬಲ್ಲ, ಚಿಕಿತ್ಸಕನನ್ನು ಬದಲಾಯಿಸಬಲ್ಲ ಹಿರಿಯರ ವಿಷಯದಲ್ಲಿ ಮಾತ್ರ ದಯೆಯನ್ನು ಕಲಿಸಿದಂತಾಗುವುದು. ಅದಕ್ಕೆ ದಾಕ್ಷಿಣ್ಯವೆಂಬ ಬೇರೆ ಹೆಸರುಂಟು.

ಇಲ್ಲಿ ಶೋಕಕ್ಕೂ ಉತ್ಸಾಹಕ್ಕೂ ಇರುವ ಭೇದವು ಮತ್ತೆ ನಮ್ಮ ಸಹಾಯಕ್ಕೆ ಬರುವುದು. ತಾಯಿಯ ದುಃಖಕ್ಕೆ ದನಿಗೂಡಿಸುವುದನ್ನೇ ಶಿಷ್ಯನು ದಯೆಯೆಂದು ಕಲಿತರೆ, ಆ ಸಂಭಾಷಣೆಯಲ್ಲಿ ಮಗುವಿಗೆ ದೊರೆಯುವ ಸ್ಥಾನವಾವುದು? ಅದು ಶೋಕಕ್ಕೆ ಆಲಂಬನವಿಭಾವವಾಗುವುದು. ಎಂದರೆ ಕರುಣರಸದಲ್ಲಿ ಸತ್ತ ಬಂಧುವಿಗೆ ಇರುವ ಸ್ಥಾನವೇ ಬದುಕಿರುವ ಮಗುವಿಗೆ ಬರುವುದು. ತಾವೇ ಆಟಿಸಂ ಉಳ್ಳವರಾದ ಜಿಮ್ ಸಿಂಕ್ಲೇರ್ ಅವರು ೧೯೯೩ರಲ್ಲಿ, ನಮಗಾಗಿ ಶೋಕಿಸಬೇಡಿರಿ ಎಂದು ತಂದೆತಾಯಿಗಳನ್ನು ಬೇಡಿ ಬರೆದ ಪ್ರಬಂಧದ ತಿರುಳು ಇದೇ. ನೀವು ಶೋಕಿಸುತ್ತಿರುವುದು ನೀವು ನಿರೀಕ್ಷಿಸಿದ್ದು ಬಾರದೆಹೋದ ಮಗುವಿಗಾಗಿ. ಬಂದಿರುವ ಮಗು ಇಲ್ಲಿಯೇ ಇದೆ, ಅದಕ್ಕೆ ನೀವು ಬೇಕು ಎಂಬುದು ಅವರ ವಾದ. ಇದನ್ನು ಓದಿದವರಿಗೆ, ತಾಯಿಯೊಡನೆ ಕಂಪಿಸುವುದು ಮಾತ್ರ ಸಾಲದು, ತಾಯಿಯ ದೃಷ್ಟಿಯನ್ನು ಮೆಲ್ಲಗೆ ಎದುರಿಗಿರುವ ಮಗುವಿನ ಕಡೆಗೆ ತಿರುಗಿಸುವುದೂ ದಯೆಯ ಕೆಲಸವೆಂದು ತಿಳಿಯುವುದು. ಈ ಕೌಶಲವು ಪಟ್ಟಿಯಲ್ಲಿ ಮೊದಲು ಇರಬೇಕಾಗಿತ್ತು.

ಮಾತುಬಾರದ ಮಗುವನ್ನು ಕೇಳುವುದೆಂತು ಎಂದು ಪ್ರತಿವಾದಿಗಳು ಹೇಳಬಹುದು. ಈ ಪ್ರಶ್ನೆ ವರ್ತನವಿಶ್ಲೇಷಕರ ಬಾಯಿಂದ ಬರತಕ್ಕುದಲ್ಲ. ಮಾತಿಗಿಂತ ನಡತೆಯನ್ನು ನಂಬುವುದೇ ಅವರ ಶಾಸ್ತ್ರವಲ್ಲವೆ? ಕ್ಯಾರೊಲಿನ್ ಗ್ರೀನ್ ಮತ್ತು ಡೆನಿಸ್ ರೀಡ್ ಅವರು ೧೯೯೬ರಲ್ಲಿ, ತೀವ್ರವಾದ ಬಹುವಿಧ ನ್ಯೂನತೆಗಳುಳ್ಳವರಲ್ಲಿ ನಗೆ, ಮುಖದ ಅರಳುವಿಕೆ, ಅಳು, ಮುಖ ಗಂಟಿಕ್ಕುವುದು ಮುಂತಾದ ಸುಖದುಃಖಗಳ ಗುರುತುಗಳನ್ನು ನಿರ್ವಚಿಸಿ, ಅವರನ್ನು ಬಲ್ಲವರ ಅಭಿಪ್ರಾಯದೊಡನೆ ಒರೆಹಚ್ಚಿ, ಸುಖದ ಗುರುತುಗಳನ್ನು ಹೆಚ್ಚಿಸಬಹುದೆಂದು ತೋರಿಸಿದರು. ಇವು ಭರತನ ಅನುಭಾವಗಳೇ. ಈ ಸಲ ಎಣಿಕೆ ನಡೆದುದು ಚಿಕಿತ್ಸೆಯನ್ನು ಕೊಡುವವನ ಮುಖದಲ್ಲಲ್ಲ, ಪಡೆಯುವವನ ಮುಖದಲ್ಲಿ.

ಇದಕ್ಕಿಂತಲೂ ಹೃದ್ಯವಾದುದು ಗ್ರೆಗರಿ ಹ್ಯಾನ್ಲಿ ಮತ್ತು ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದ ಪರೀಕ್ಷೆ. ತೀವ್ರವಾದ ನಡತೆಯ ತೊಂದರೆಗಳಿದ್ದ ಇಬ್ಬರು ಮಕ್ಕಳಿಗೆ ಬೇರೆಬೇರೆ ಗುಂಡಿಗಳನ್ನು ಕೊಟ್ಟು, ಒಂದೊಂದು ಗುಂಡಿಯನ್ನು ಒತ್ತಿದರೆ ಒಂದೊಂದು ಬಗೆಯ ಚಿಕಿತ್ಸೆ ದೊರೆಯುವಂತೆ ಏರ್ಪಡಿಸಿದರು. ಒಂದರಲ್ಲಿ ಮಗು ಬಯಸುವ ಆದರವು ಕೇಳದೆಯೇ ಕಾಲಕಾಲಕ್ಕೆ ಸಿಕ್ಕುತ್ತಿತ್ತು; ಮತ್ತೊಂದರಲ್ಲಿ ಮಗು ತನಗೆ ಕಲಿಸಿದ ಸಂಕೇತದಿಂದ ಕೇಳಿದಾಗ ಸಿಕ್ಕುತ್ತಿತ್ತು. ಇಬ್ಬರೂ ಹೆಚ್ಚಾಗಿ ಒತ್ತಿದುದು ಎರಡನೆಯ ಗುಂಡಿಯನ್ನು. ಎರಡೇ ಮಕ್ಕಳ ಪರೀಕ್ಷೆಯಿಂದ ಸಾರ್ವತ್ರಿಕ ಸಿದ್ಧಾಂತವನ್ನು ಎಳೆಯಬಾರದು. ಆದರೂ ಅದರಿಂದ ಹೊಳೆಯುವ ಅರ್ಥವನ್ನು ತಳ್ಳಿಹಾಕಲಾಗದು: ಆ ಮಕ್ಕಳು ಬಯಸಿದುದು ಸುರಿಸಿದ ಕೃಪೆಯನ್ನಲ್ಲ, ತಮ್ಮ ಕೇಳಿಕೆಗೆ ಕಿವಿಗೊಡುವ ಕೃಪೆಯನ್ನು. ದಯೆಯ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ನಾವು ಯಾವ ಪಂಡಿತರಿಂದ ಕೇಳಿದ್ದೇವೆ?

೭

ಈ ವಿಚಾರದಿಂದ ಹೊರಡುವ ಸಲಹೆ ಕಷ್ಟವಾದುದಲ್ಲ. ಪಾತ್ರಾಭಿನಯದಿಂದ ಪ್ರಾರಂಭಿಸಲಿ, ಅಲ್ಲಿಯೇ ಮುಗಿಸದಿರಲಿ. ಶಿಷ್ಯನ ಕೌಶಲಗಳನ್ನು ಎಣಿಸುವ ಹಾಳೆಯ ಪಕ್ಕದಲ್ಲಿ ಇನ್ನೊಂದು ಹಾಳೆಯಿರಲಿ. ಶಿಷ್ಯನು ಕೋಣೆಗೆ ಬಂದಾಗ ಮಗು ಅವನ ಕಡೆಗೆ ಬಂದಿತೋ ದೂರ ಸರಿಯಿತೋ, ಪಾಠದ ನಡುವೆ ಎದ್ದುಹೋಗಲು ಬಯಸಿದಾಗ ಅದಕ್ಕೆ ಅವಕಾಶವಿದ್ದಿತೋ, ಎದ್ದುಹೋದ ಮಗು ತಾನಾಗಿ ಮರಳಿತೋ ಎಂಬುದನ್ನು ಅದರಲ್ಲಿ ಬರೆಯಲಿ. ಮೊದಲನೆಯ ಹಾಳೆಯಲ್ಲಿ ಪೂರ್ಣಾಂಕ ಪಡೆದು ಎರಡನೆಯದರಲ್ಲಿ ಸೋತ ಶಿಷ್ಯನನ್ನು ತೇರ್ಗಡೆ ಮಾಡಬಾರದು. ಮೊದಲನೆಯದರಲ್ಲಿ ತಡವರಿಸಿ ಎರಡನೆಯದರಲ್ಲಿ ಗೆದ್ದವನಿದ್ದರೆ, ಅವನು ಮಾಡಿದುದೇನೆಂದು ನೋಡಿ ಗುರುಗಳು ತಮ್ಮ ಪಟ್ಟಿಯನ್ನು ತಿದ್ದಿಕೊಳ್ಳಬೇಕು.

ನಮ್ಮ ನಾಡಿಗೂ ಈ ಮಾತು ಹೊರಗಿನದಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯು ೧೯೬೫ರಿಂದಲೂ ಮಾತಿನ ತೊಡಕುಳ್ಳವರ ಸೇವೆಗೆ ತರುಣರನ್ನು ಸಿದ್ಧಗೊಳಿಸುತ್ತಿದೆ. ಬೆಂಗಳೂರಿನಲ್ಲಿಯೂ ಮಾನಸಿಕ ಚಿಕಿತ್ಸೆಯ ಶಿಕ್ಷಣವು ಹಲವು ದಶಕಗಳಿಂದ ನಡೆದುಬಂದಿದೆ. ಅಮೆರಿಕದ ಪಟ್ಟಿಗಳನ್ನು ಇಲ್ಲಿಗೆ ತರುವವರು ಅವನ್ನು ಬರಿಯ ಭಾಷಾಂತರ ಮಾಡಿದರೆ ಸಾಲದು. ಕಣ್ಣಿಗೆ ಕಣ್ಣಿಟ್ಟು ಮಾತನಾಡುವುದು ಅಲ್ಲಿ ಆದರದ ಗುರುತು. ನಮ್ಮ ಹಳ್ಳಿಯಿಂದ ಬಂದ ಹೆಂಗಸಿಗೆ, ಎದುರಿಗಿರುವವನು ಅಪರಿಚಿತ ತರುಣನಾದರೆ, ಅದು ಸಂಕೋಚಕ್ಕೆ ಕಾರಣವಾಗಬಹುದು. ನಮ್ಮಲ್ಲಿ ಆದರದ ಮೊದಲ ಗುರುತು ಸಂಬೋಧನೆ. “ಅಮ್ಮಾ, ಕುಳಿತುಕೊಳ್ಳಿ, ಮಗುವಿಗೆ ಊಟವಾಯಿತೆ?” ಎಂಬ ಮಾತಿನಲ್ಲಿರುವ ಬಹುವಚನವೂ ನಂಟುಸೂಚಕ ಪದವೂ ಕುಶಲಪ್ರಶ್ನೆಯೂ ಯಾವ ಇಂಗ್ಲಿಷ್ ಪಟ್ಟಿಯಲ್ಲಿಯೂ ಇರಲಾರವು. “ಏನಮ್ಮ, ಏನಾಗಿದೆ ನಿನ್ನ ಮಗನಿಗೆ?” ಎಂದು ಏಕವಚನದಲ್ಲಿ ಪ್ರಾರಂಭಿಸಿದವನು ಮುಂದೆ ಎಷ್ಟು ಕೌಶಲಗಳನ್ನು ತೋರಿಸಿದರೂ ಬಾಗಿಲಲ್ಲಿಯೇ ಎಡವಿದವನು. ಇಂತಹ ಸೂಕ್ಷ್ಮಗಳನ್ನು ಸಂಗ್ರಹಿಸಿ ಹೇಳಬಲ್ಲವರು ಭಾಷೆಯನ್ನು ಓದಿಸುವವರು. ಚಿಕಿತ್ಸಕರ ಶಿಕ್ಷಣದಲ್ಲಿ ಸಾಹಿತ್ಯದ ಉಪಾಧ್ಯಾಯರಿಗೂ ಒಂದು ಕೆಲಸವುಂಟೆಂದು ನಾವು ಧೈರ್ಯವಾಗಿ ಹೇಳಬಹುದು.

ಒಟ್ಟಿನಲ್ಲಿ, ದಯೆಯನ್ನು ಕಲಿಸಬಹುದೆಂದು ಈ ವಿದ್ವಾಂಸರು ತೋರಿಸಿಕೊಟ್ಟಿರುವುದು ದೊಡ್ಡ ಉಪಕಾರ. ದಯೆಯು ಹುಟ್ಟುಗುಣವೆಂದು ಹೇಳಿ ಕೈಕಟ್ಟಿ ಕುಳಿತುಕೊಳ್ಳುವವರಿಗಿಂತ ಅವರು ಎಷ್ಟೋ ಮೇಲು. ಅವರ ಪಟ್ಟಿಯನ್ನು ನಾವು ಹಳಿಯುವುದಿಲ್ಲ; ಪಟ್ಟಿಯ ಕೊನೆಯಲ್ಲಿ ಸಹಿಹಾಕತಕ್ಕ ಕೈ ಯಾರದೆಂದು ಕೇಳುತ್ತೇವೆ. ಆ ಕೈ ಬರೆಯಲು ಬಾರದ ಪುಟ್ಟ ಕೈಯಾಗಿರಬಹುದು. ಅದು ಚಿಕಿತ್ಸಕನ ಬೆರಳನ್ನು ತಾನಾಗಿ ಹಿಡಿದುಕೊಂಡರೆ ಸಹಿಯಾದಂತೆಯೇ ಎಣಿಸಬೇಕು.